ಕೊಳದ ಮೀನುಗಳು ದಡ ಬದಲಿಸಿದ ಬೇಸಿಗೆ

ನನ್ನನ್ನು ಮದುವೆಗೆ ಕೇಳಲು ಬಂದ ದಿನ ಜೇಬೆಜ್ ಹಾರ್ಟ್ಲಿ ಹೂವು ತರಲಿಲ್ಲ, ರಿಬ್ಬನ್ನೂ ತರಲಿಲ್ಲ. ಕಾಕಂಬಿಯ ಒಂದು ಖಾಲಿ ಡಬ್ಬಿ ತಂದ. ನಮ್ಮಮ್ಮ ಅದನ್ನು ನೋಡಿ, “ಎಲ್ಲಾ ತಿಂದು ಮುಗಿಸಿದ ಮೇಲೆ ನಮ್ಮ ನೆನಪಾಯ್ತೇನಪ್ಪ?” ಅಂದಳು.

ಅವನು ನಾಚಿಕೊಳ್ಳಲಿಲ್ಲ. ಡಬ್ಬಿಗೆ ಎರಡು ಗುಟುಕು ನೀರು ಹಾಕಿ ಒಲೆಯ ಮೇಲಿಟ್ಟ. ಹಬೆ ಭುಸುಗುಟ್ಟಿಕೊಂಡು ಬರುವವರೆಗೆ ಕಾದ. ಆಮೇಲೆ ಬಟ್ಟೆಯಲ್ಲಿ ಹಿಡಿದಿಳಿಸಿ, ಮುಚ್ಚಳವನ್ನು ಗಟ್ಟಿಯಾಗಿ ಒತ್ತಿ, ಬಚ್ಚಲಲ್ಲಿಟ್ಟು ಮೇಲೆ ಒಂದು ಹೂಜಿ ತಣ್ಣೀರು ಸುರಿದ. ಡಬ್ಬಿ ಢಂ ಅಂತ ಸದ್ದು ಮಾಡಿ, ಕಾಣದ ಕೈಯೊಂದು ಹಿಂಡಿದ ಹಾಗೆ ಮುದ್ದೆಯಾಯಿತು. ಅಮ್ಮ ಕಿರುಚಿಕೊಂಡಳು.

“ಯಾರೋ ಅದನ್ನ ಹಿಂಡಿದ್ದು?”

“ಯಾರೂ ಇಲ್ಲಮ್ಮ. ಒಳಗೆ ತುಂಬಿದ್ದ ಹಬೆ ತಣ್ಣಗಾಗಿ ಒಂದು ಹನಿ ನೀರಾಯ್ತು. ಅದಿದ್ದ ಜಾಗ ಬರಿದಾಯ್ತು. ಹೊರಗಿನ ಗಾಳಿ ಒಳಗೆ ನುಗ್ಗೋಕೆ ನೋಡ್ತು, ದಾರಿ ಇಲ್ಲ, ಡಬ್ಬೀನೇ ಹಿಸುಕಿಬಿಡ್ತು.” ಆಮೇಲೆ ನನ್ನ ಕಡೆ ತಿರುಗಿ, “ಹಬೆ ತಳ್ಳುತ್ತೆ ಅಂತ ಎಲ್ಲಾರಿಗೂ ಗೊತ್ತು, ಸೆಲೀನಾ. ಸಾಯೋವಾಗ ಎಳೆಯುತ್ತಲ್ಲ, ಅದು ಯಾರಿಗೂ ಗೊತ್ತಿಲ್ಲ. ನೀನು ನೇಯೋ ಬಟ್ಟೇಲಿ ಅರ್ಧ ಆ ಎಳೆತದ್ದೇ,” ಅಂದ.

ಮದುವೆಯ ಮಾತನ್ನು ಅವನು ಅದಾದ ಮೇಲೆ ಆಡಿದ. ಅಮ್ಮ ಹೇಳಿದ್ದು ಇಷ್ಟೇ: “ಇವನನ್ನ ಕಟ್ಕೊಂಡ್ರೆ ನಿನ್ನ ಮನೇಲಿ ಒಂದು ಡಬ್ಬಿ ನೆಟ್ಟಗಿರಲ್ಲ, ನೋಡ್ಕೋ.” ಅಮ್ಮನ ಮಾತು ಸುಳ್ಳಾಗಲಿಲ್ಲ.

ಆಗ ನಾನು ಬ್ರಯರ್ ಬ್ಯಾಂಕ್ ಮಿಲ್ಲಿನಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದೆ. ಜೇಬೆಜ್ ಅದೇ ಮಿಲ್ಲಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. ಮಿಲ್ಲಿನ ಇಂಜಿನ್ನಿಗೆ ಎರಡು ಮೈ, ಅಂದರೆ ಎರಡು ಸಿಲಿಂಡರು. ಎರಡಕ್ಕೂ ಮಾಲೀಕರ ಇಬ್ಬರು ಹೆಣ್ಣುಮಕ್ಕಳ ಹೆಸರು. ಬಾಯ್ಲರಿನ ಹಬೆ ಮೊದಲು ಹ್ಯಾರಿಯೆಟ್‌ಗೆ ಹೋಗಿ ಅಲ್ಲಿ ದುಡಿದು, ಅರ್ಧ ಸುಸ್ತಾಗಿ ಲವೀನಿಯಾಗೆ ಬರುತ್ತಿತ್ತು. ಲವೀನಿಯಾ ದೊಡ್ಡ ಮೈಯವಳು. ಬರೀ ಸುಸ್ತಾದ ಹಬೆಯಿಂದ ಅವಳು ಏಳುವವಳಲ್ಲ. ಅವಳನ್ನು ಎಳೆಯಲು ಅವಳ ಹಿಂದೆ ಕಂಡೆನ್ಸರ್ ಇತ್ತು. ಕಂಡೆನ್ಸರ್ ಅಂದರೆ ಬೇರೇನಲ್ಲ, ನೆಲದ ಕೆಳಗೆ ಕೂರಿಸಿದ ಕಬ್ಬಿಣದ ದೊಡ್ಡ ಹಂಡೆ. ಹೊರಬಿದ್ದ ಹಬೆ ಅದರೊಳಗೆ ಬರುತ್ತದೆ, ಮೇಲಿನಿಂದ ತಣ್ಣೀರು ಜಾಲರಿಯಲ್ಲಿ ಸುರಿಯುತ್ತದೆ, ಹಬೆ ಸಾಯುತ್ತದೆ, ಹಂಡೆ ಬರಿದಾಗಿ ಎಳೆಯುತ್ತದೆ. ನಮ್ಮಮ್ಮನ ಬಚ್ಚಲಲ್ಲಿ ಆದದ್ದೇ ಅಲ್ಲೂ ಆಗುತ್ತಿತ್ತು. ಹಂಡೆ ಮಾತ್ರ ಮುದ್ದೆಯಾಗುತ್ತಿರಲಿಲ್ಲ. ಎಳೆತ ಎಷ್ಟಿದೆ ಎಂದು ತೋರಿಸಲು ಗೋಡೆಯ ಮೇಲೆ ಹಿತ್ತಾಳೆ ಚೌಕಟ್ಟಿನ ಒಂದು ಮುಳ್ಳು.

ತಣ್ಣೀರು ಬರುತ್ತಿದ್ದುದು ಮಿಲ್ಲಿನ ಪಕ್ಕದ ಕೊಳದಿಂದ. ಬಿಸಿಯಾದ ನೀರು ಮತ್ತೆ ಅದೇ ಕೊಳಕ್ಕೆ ಬೀಳುತ್ತಿತ್ತು. ಬೀಳುವ ಜಾಗ ಬಾಯ್ಲರ್ ಮನೆಯ ಮೂಲೆ, ಕಲ್ಲಿದ್ದಲ ರಾಶಿಯ ಹಿಂದೆ. ಚಳಿಗಾಲದಲ್ಲೂ ಅಲ್ಲಿ ನೀರು ಹಾಲಿನಂತೆ ಬೆಚ್ಚಗೆ. ಜಾತ್ರೆಯಲ್ಲಿ ಗೆದ್ದ ಕೆಂಪು ಮೀನುಗಳನ್ನು ಯಾರೋ ಯಾವುದೋ ಕಾಲದಲ್ಲಿ ಕೊಳಕ್ಕೆ ಬಿಟ್ಟಿದ್ದರು. ಅವು ಆ ಮೂಲೆಯಲ್ಲಿ ಸಂಸಾರ ಹೂಡಿ ಅಂಗೈಯಗಲ ಬೆಳೆದಿದ್ದವು.

ಇಂಜಿನ್ ಮೇಸ್ತ್ರಿ ಎಲೈಜಾ ವಿಟಮ್ ಮುದುಕ. ಬಿಳಿ ಗಡ್ಡ, ಬಾಯಿಗೆ ಬೀಗ. ಆ ಕಾಲದ ಇಂಜಿನ್ ಮೇಸ್ತ್ರಿಗಳೆಲ್ಲ ಹಾಗೆಯೇ. ತಮ್ಮ ಯುಕ್ತಿಯನ್ನು ಇನ್ನೊಬ್ಬನಿಗೆ ಹೇಳುವುದು ಹೆಂಡತಿಯನ್ನು ಬೀದಿಗೆ ಬಿಟ್ಟಷ್ಟೇ ಕೆಟ್ಟದ್ದೆಂದು ತಿಳಿದವರು. ಕೈಕೆಳಗೆ ವರ್ಷಗಟ್ಟಲೆ ದುಡಿದ ಜೇಬೆಜ್‌ಗೂ ಎಲೈಜಾ ಎಣ್ಣೆ ಎಲ್ಲಿ ಬಿಡಬೇಕು, ಹಿತ್ತಾಳೆ ಹೇಗೆ ತಿಕ್ಕಬೇಕು ಎನ್ನುವುದನ್ನು ಬಿಟ್ಟು ಏನೂ ಹೇಳಿಕೊಟ್ಟಿರಲಿಲ್ಲ. ಅವನ ಇನ್ನೊಂದು ವಿಚಿತ್ರ ಊರಿಗೆಲ್ಲ ಗೊತ್ತಿತ್ತು. ಜುಲೈಯ ವೇಕ್ಸ್ ರಜೆಗೆ ಎಲ್ಲಾ ಮಿಲ್ಲುಗಳೂ ಒಟ್ಟಿಗೆ ಮುಚ್ಚಿ, ನಾಯಿ ಬೆಕ್ಕು ಬಿಟ್ಟು ಇಡೀ ಊರು ರೈಲು ಹತ್ತಿ ಬ್ಲ್ಯಾಕ್‌ಪೂಲಿನ ಸಮುದ್ರಕ್ಕೆ ಹೋಗುತ್ತಿತ್ತು. ಎಲೈಜಾ ಮಾತ್ರ ಯಾವತ್ತೂ ಹೋದವನಲ್ಲ. ಕೊಳ ಬಸಿದು ಕೆಸರು ತೆಗೆಯಬೇಕು ಅನ್ನುತ್ತಿದ್ದ. ಆಳು ಇಟ್ಟುಕೋ ಅಂದರೆ, “ನನಗೆ ಮರಳು ಆಗಲ್ಲ,” ಅನ್ನುತ್ತಿದ್ದ. ಕೊಳ ತೊಳೆಯುವುದಕ್ಕೂ ಮರಳಿಗೂ ಏನು ಸಂಬಂಧವೋ ಯಾರಿಗೂ ತಿಳಿಯಲಿಲ್ಲ.

ನಮ್ಮ ಮದುವೆಯಾಗಿ ಕೆಲವು ವರ್ಷಕ್ಕೆ ಎಲೈಜಾ ಕೆಲಸ ಬಿಟ್ಟ. ಇಂಜಿನ್ನು ಜೇಬೆಜ್‌ನ ಕೈಗೆ ಬಂತು. ಮ್ಯಾನೇಜರ್ ಸ್ಟಾನ್ಸ್‌ಫೀಲ್ಡ್ ಹೇಳಿದರು: “ಬೇಸಿಗೆ ಮುಗಿಯೋವರೆಗೆ ನಡೆಸಿ ತೋರಿಸು, ಹಾರ್ಟ್ಲಿ. ಆಮೇಲೆ ಇಂಜಿನ್ನು ನಿನ್ನದು.” ಜೇಬೆಜ್ ಮನೆಗೆ ಬಂದು ಊಟ ಮಾಡಲಿಲ್ಲ, ಕೈಯನ್ನಷ್ಟೇ ಮೂರು ಸಲ ತೊಳೆದುಕೊಂಡ. ಅಷ್ಟು ಸಂತೋಷ.

ಆ ವರ್ಷದ ರಜೆಗೆ ನಾವೂ ಬ್ಲ್ಯಾಕ್‌ಪೂಲಿಗೆ ಹೋಗಲಿಲ್ಲ. ಇಂಜಿನ್ ಮನೆಯ ನೆಲದ ಮೇಲೆ ಅನ್ನ ಹಾಕಿಕೊಂಡು ತಿನ್ನಬಹುದು ಅನ್ನುವಷ್ಟು ಶುಚಿಯಾಗಿರಬೇಕೆನ್ನುವುದು ಇಂಜಿನ್ನಿನವರ ಮರ್ಯಾದೆ. ಜೇಬೆಜ್‌ಗೆ ಕೊಳವೂ ಹಾಗೇ ಆಗಬೇಕಿತ್ತು. ನಾಲ್ಕು ಆಳು ಹಿಡಿದು ನೀರು ಬಸಿದು, ಮೀನುಗಳನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು, ಕೆಸರನ್ನೆಲ್ಲ ಹೊರಹಾಕಿಸಿದ. ಕಲ್ಲಿದ್ದಲ ಮೂಲೆಗೂ ಮಗ್ಗದ ಮನೆಯ ಮೆಟ್ಟಿಲಿಗೂ ನಡುವೆ ಜೊಂಡು ಬೆಳೆದ ಒಂದು ದಿಬ್ಬ ನಾಲಗೆಯ ಹಾಗೆ ಕೊಳದೊಳಕ್ಕೆ ಚಾಚಿಕೊಂಡಿತ್ತು. ಬಾತುಕೋಳಿಗಳು ಅದರ ಮೇಲೆ ಕೂರುತ್ತಿದ್ದವು.

“ಪಾಪ, ಮುದುಕನಿಗೆ ಕೈಲಾಗಿಲ್ಲ, ಎಷ್ಟು ಕೆಸರು ಬಿಟ್ಟಿದ್ದಾನೆ ನೋಡು,” ಎಂದು ಜೇಬೆಜ್ ಅದನ್ನೂ ಅಗೆಸಿದ. ಜೊಂಡಿನ ಕೆಳಗೆ ಕಲ್ಲು ಸಿಕ್ಕವು. ಆಳೊಬ್ಬ, “ಯಾರೋ ಕೂರಿಸಿದ ಹಾಗೆ ಕೂತಿವೆಯಲ್ಲ ಮೇಸ್ತ್ರಿ,” ಅಂದ. “ಕೂತಿದ್ರೆ ಎಬ್ಬಿಸು,” ಅಂದ ಜೇಬೆಜ್. ನಾನು ಅವರಿಗೆ ಚಹಾ ತೆಗೆದುಕೊಂಡು ಹೋಗಿದ್ದೆ, ಈ ಮಾತು ಕಿವಿಯಾರೆ ಕೇಳಿದ್ದೇನೆ. ಕೊಳ ಬಟ್ಟಲಿನ ಹಾಗಾಯಿತು. ನೋಡಿ ಬೀಗಿದೆವು.

ರಜೆ ಮುಗಿದು ಇಂಜಿನ್ ಶುರುವಾದ ವಾರವೇ ಲವೀನಿಯಾ ಮಲಗಿದಳು. ಬೆಳಿಗ್ಗೆ ಚೆನ್ನಾಗಿಯೇ ಓಡುತ್ತಿತ್ತು. ಹೊತ್ತೇರುತ್ತಿದ್ದಂತೆ ಗೋಡೆಯ ಮುಳ್ಳು ಇಳಿಯುತ್ತಿತ್ತು, ಎಳೆತ ಸತ್ತು ಭಾರವೆಲ್ಲ ಹ್ಯಾರಿಯೆಟ್ ಮೇಲೆ ಬೀಳುತ್ತಿತ್ತು, ಮಗ್ಗಗಳು ನಿಧಾನವಾಗುತ್ತಿದ್ದವು. ನಮಗೆ ಕೂಲಿ ನೇಯ್ದ ಬಟ್ಟೆಯ ಲೆಕ್ಕಕ್ಕೆ. ಮಗ್ಗ ತೂಕಡಿಸಿದರೆ ನಮ್ಮ ತಟ್ಟೆಗೇ ಕಡಿಮೆ.

ಮಗ್ಗದ ಮನೆಯ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ನಾವೆಲ್ಲ ತುಟಿ ನೋಡಿಯೇ ಮಾತಾಡುವವರು. ಎದುರು ಸಾಲಿನ ಕ್ಲಾರಾ ಸಗ್ಡನ್‌ಳ ತುಟಿ ಎಲ್ಲರಿಗಿಂತ ದೊಡ್ಡದು, ನಾಲಗೆಯೂ ಹಾಗೇ.

“ಏನೇ ಸೆಲೀನಾ, ನಿನ್ನ ಗಂಡ ಇಂಜಿನ್ನಿಗೆ ಜೋಗುಳ ಹಾಡ್ತಾನಾ?”

“ನಿನ್ನ ಮಗ್ಗ ನಿಂತಿದೆ, ದಾರ ನೋಡ್ಕೊಳ್ಳೇ,” ಎಂದು ನಾನೂ ತುಟಿಯಾಡಿಸಿದೆ.

“ದಾರ ಕಿತ್ತಿಲ್ಲ ಕಣೇ, ನಿದ್ದೆ ಬಂದಿದೆ ಅದಕ್ಕೆ! ಎಲೈಜಾ ಅಜ್ಜ ಇದ್ದಾಗ ಹಿಂಗಿತ್ತಾ?”

ಎಲೈಜಾ ಹೋದ, ಜೇಬೆಜ್ ಬಂದ, ಎಳೆತ ಹೋಯಿತು. ಯಾರಾದರೂ ಕೂಡಿಸಿ ನೋಡುವ ಲೆಕ್ಕವೇ ಅದು.

ಸ್ಟಾನ್ಸ್‌ಫೀಲ್ಡ್ ಕೆಟ್ಟ ಮನುಷ್ಯರಲ್ಲ. ಇಂಜಿನ್ ಮನೆಗೆ ಬಂದು ಟೋಪಿ ತೆಗೆದು ಮುಳ್ಳು ನೋಡಿದರು. “ಆಗಸ್ಟ್ ಮುಗಿಯೋವರೆಗೆ ಸುಮ್ಮನಿರ್ತೀನಿ, ಹಾರ್ಟ್ಲಿ. ಆಮೇಲೆ ಓಲ್ಡಮ್‌ನಿಂದ ಒಬ್ಬ ಮೇಸ್ತ್ರೀನ ಕರೆಸ್ತೀನಿ. ಅವನಿಗೆ ಸರಿಯಾದ್ರೆ ಇಂಜಿನ್ನು ಅವನದು, ನೀನು ಬಾಯ್ಲರಿಗೆ ವಾಪಸ್ಸು. ಬೇಜಾರು ಮಾಡ್ಕೋಬೇಡ,” ಅಂದರು.

ಜೇಬೆಜ್ ಬೇಜಾರು ಮಾಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ಆಶ್ಚರ್ಯಪಟ್ಟ. ಅವನ ಸ್ವಭಾವವೇ ಅದು. ಮನೆಗೆ ಬೆಂಕಿ ಬಿದ್ದರೂ ಮೊದಲು ಎಲ್ಲಿಂದ ಹತ್ತಿತು ಎಂದು ನೋಡಿ ಆಮೇಲೆ ಹೊರಗೆ ಬರುವವನು. ಹಂಡೆಗೆ ಎಲ್ಲೋ ಗಾಳಿ ಸೇರುತ್ತಿದೆ ಅಂದುಕೊಂಡ. ಹೊತ್ತಿಸಿದ ಮೇಣದಬತ್ತಿ ಹಿಡಿದು ಒಂದೊಂದು ಜೋಡಣೆಯ ಮುಂದೆಯೂ ನಿಂತ; ಗಾಳಿ ಒಳಗೆ ಹೋಗುವ ಕಡೆ ಜ್ವಾಲೆ ತಲೆ ಬಾಗಿಸುತ್ತದೆ. ಒಂದು ಕಡೆ ಬಾಗಿತು. ಅಲ್ಲಿ ಹೊಸ ಹಗ್ಗ, ಕೊಬ್ಬು ತುಂಬಿಸಿ ಬಿಗಿದ. ಮುಳ್ಳು ಕದಲಲಿಲ್ಲ. ತಣ್ಣೀರನ್ನು ಜಾಸ್ತಿ ಬಿಟ್ಟ. ಹಂಡೆಯ ನೀರನ್ನು ಹೊರಗೆಳೆಯುವ ಪಂಪು ಏದುಸಿರು ಬಿಟ್ಟಿತು, ಮುಳ್ಳು ಮತ್ತೂ ಇಳಿಯಿತು. ಹಂಡೆಯಿಂದ ಬರುವ ನೀರು ವಿಪರೀತ ಬಿಸಿ ಇತ್ತು.

“ಕೊಳದ ನೀರೇ ಬಿಸಿ ಇರಬೇಕು, ಬೇಸಿಗೆ ಅಲ್ವಾ?” ಎಂದೆ.

“ಇಲ್ಲ ಕಣೇ. ದಿನಾ ಬೆಳಿಗ್ಗೆ ಇಂಜಿನ್ ಶುರು ಮಾಡೋ ಮುಂಚೆ ಕೈ ಅದ್ದಿ ನೋಡ್ತೀನಿ. ಕಪ್ಪೆ ಹೊಟ್ಟೆ ಹಾಗೆ ತಣ್ಣಗಿದೆ.”

ಕಡೆಗೆ ಹೊಗೆಸೊಪ್ಪು ಕಟ್ಟಿಸಿಕೊಂಡು ಎಲೈಜಾನ ಮನೆಗೆ ಹೋದ. ನಾನೂ ಜೊತೆಗಿದ್ದೆ. ಮುದುಕ ಅಂಗಳದಲ್ಲಿ ಪಾರಿವಾಳಕ್ಕೆ ಕಾಳು ಹಾಕುತ್ತಿದ್ದ.

“ಎಲೈಜಾ ಅಜ್ಜ, ಬೇಸಿಗೇಲಿ ಕಂಡೆನ್ಸರಿಗೆ ನೀವು ಏನು ಮಾಡ್ತಿದ್ರಿ?”

“ಕಂಡೆನ್ಸರಿಗಾ? ಏನೂ ಮಾಡ್ತಿರಲಿಲ್ಲ.”

“ಲವೀನಿಯಾ ಮಲಗಿಬಿಟ್ಟಿದ್ದಾಳೆ.”

“ನನ್ನ ಹತ್ರ ಒಂದು ದಿನ ಮಲಗಲಿಲ್ಲಪ್ಪ,” ಅಂದ ಮುದುಕ. ಹೊಗೆಸೊಪ್ಪು ಜೇಬಿಗಿಟ್ಟುಕೊಂಡ. ಪಾರಿವಾಳಗಳ ವಿಷಯ ಬಹಳ ಹೊತ್ತು ಮಾತಾಡಿದ.

ಆಗಸ್ಟ್ ಕರಗುತ್ತಾ ಬಂತು. ಒಂದು ಸಂಜೆ ಆಲೂಗಡ್ಡೆ ಕಡುಬು ಮಾಡಿದ್ದೆ. ಜೇಬೆಜ್ ಅದನ್ನು ಕೆದಕುತ್ತಾ ಕೂತಿದ್ದ. ಅವನ ಮನಸ್ಸು ಬೇರೆ ಕಡೆಗೆ ತಿರುಗಲಿ ಎಂದು ನಾನು ಬಾಯಿಗೆ ಬಂದದ್ದೆಲ್ಲ ಹರಟುತ್ತಿದ್ದೆ.

“ಗೊತ್ತಾ, ಈಗ ನಮಗೆ ತಿಂಡಿ ಹೊತ್ತಲ್ಲಿ ಒಳ್ಳೇ ಮಜಾ. ಕೊಳದ ಕೆಂಪು ಮೀನೆಲ್ಲ ನಮ್ಮ ಮೆಟ್ಟಿಲ ಹತ್ರವೇ ಬಂದುಬಿಟ್ಟಿವೆ. ರೊಟ್ಟಿ ಚೂರು ಹಾಕಿದ್ರೆ ಬಾಯಿ ಬಿಟ್ಕೊಂಡು ಬರ್ತವೆ. ಕ್ಲಾರಾ ಒಂದಕ್ಕೆ ಸ್ಟಾನ್ಸ್‌ಫೀಲ್ಡ್ ಅಂತ ಹೆಸರಿಟ್ಟಿದ್ದಾಳೆ, ಹೊಟ್ಟೆ ನೋಡಿ.”

ಜೇಬೆಜ್‌ನ ಚಮಚ ನಿಂತಿತು.

“ಎಲ್ಲಿ ಅಂದೆ?”

“ಮೆಟ್ಟಿಲ ಹತ್ರ. ಹಂಡೆಗೆ ನೀರು ಎಳೆಯೋ ಕೊಳವೆಯ ಬಾಯಿಗೆ ಕಬ್ಬಿಣದ ಜಾಲರಿ ಇದೆಯಲ್ಲ, ಅಲ್ಲೇ.”

“ಕಲ್ಲಿದ್ದಲ ಮೂಲೆ ಬಿಟ್ಟು?”

“ಹ್ಞೂಂ. ರಜೆಯಾದ ಮೇಲೆ ಇಲ್ಲೇ ಬೀಡು.”

“ರೊಟ್ಟಿಗೆ ಬಂದಿರಬಹುದಾ?”

“ರೊಟ್ಟಿ ಹಾಕೋಕೆ ಶುರು ಮಾಡಿದ್ದೇ ಅವು ಬಂದ ಮೇಲೆ.”

“ಮೀನು ತಣ್ಣೀರು ಹುಡುಕ್ಕೊಂಡು ಬರಲ್ಲ ಸೆಲೀನಾ,” ಎಂದವನು ಕಡುಬು ಬಿಟ್ಟು ಎದ್ದ. ಅಷ್ಟು ಹೊತ್ತಿಗೆ ಮಿಲ್ಲು ನಿಂತಿತ್ತು, ಹೋಗಿ ಉಪಯೋಗವಿರಲಿಲ್ಲ. ಮನೆಯಲ್ಲಿ ಅಡುಗೆಮನೆಗೂ ಬಾಗಿಲಿಗೂ ಓಡಾಡಿದ.

ಮರುದಿನ ತಿಂಡಿಯ ಹೊತ್ತಿಗೆ, ಎಂದೂ ಇಂಜಿನ್ ಮನೆ ಬಿಟ್ಟು ಬಾರದವನು ನಮ್ಮ ಮೆಟ್ಟಿಲಿಗೆ ಬಂದ. ಹೆಂಗಸರು ಕಾಲು ಸರಿಸಿ ದಾರಿ ಬಿಟ್ಟರು. ಅವನು ಹೊಟ್ಟೆಯ ಮೇಲೆ ಮಲಗಿ ತೋಳಿನವರೆಗೆ ನೀರಿಗೆ ಕೈ ಬಿಟ್ಟ. ಮೀನುಗಳು ಅವನ ಬೆರಳು ಮುಸುಡಿಯಿಂದ ತಟ್ಟಿದವು.

“ಏನಪ್ಪ, ಸ್ನಾನವಾ?” ಕ್ಲಾರಾ ಕೇಳಿದಳು.

“ಸ್ನಾನಾನೇ ಮಾಡಬಹುದು ಕ್ಲಾರಾ! ಬೆಚ್ಚಗಿದೆ!” ಅವನ ಮುಖ ಅರಳಿತ್ತು. ಕೆಲಸ ಹೋಗುವ ಭಯದಲ್ಲಿದ್ದವನ ಮುಖ ಅದಲ್ಲ.

ಅಲ್ಲೇ ಕೂತು ನನಗೆ ಹೇಳಿದ. ಬಿಸಿನೀರು ಕಲ್ಲಿದ್ದಲ ಮೂಲೆಯಲ್ಲಿ ಬಿದ್ದು, ಇಡೀ ಕೊಳ ಸುತ್ತಿ ತಣ್ಣಗಾಗಿ ಈ ಜಾಲರಿಗೆ ಬರಬೇಕು. ಈಗ ಸುತ್ತುವ ತಾಪತ್ರಯವೇ ಇಲ್ಲ, ಗೋಡೆ ಬದಿಯಲ್ಲೇ ಅಡ್ಡದಾರಿ ಹಿಡಿದು ನೇರ ಇಲ್ಲಿಗೆ ಬರುತ್ತಿದೆ. ಬಿಸಿನೀರು ಕುಡಿಸಿದರೆ ಹಂಡೆ ಹಬೆಯನ್ನು ಕೊಲ್ಲುವುದು ಹೇಗೆ? ಮೂಲೆಯಲ್ಲಿ ಬೀಳುವ ನೀರು ಈಗ ಮೀನಿಗೂ ತಡೆಯದಷ್ಟು ಬಿಸಿ, ಅದಕ್ಕೇ ಅವು ಇಲ್ಲಿಗೆ ಬಂದಿವೆ. ಇಂಜಿನ್ ಓಡದಿದ್ದಾಗ ಮುಟ್ಟಿದರೆ ಎಲ್ಲಾ ತಣ್ಣಗೆ, ಅದಕ್ಕೇ ತಿಳಿದಿರಲಿಲ್ಲ. “ಆದರೆ ಮುಂಚೆ ಯಾಕೆ ಬರ್ತಿರಲಿಲ್ಲ?” ಎಂದು ತನ್ನನ್ನೇ ಕೇಳಿಕೊಂಡ. ಕಲ್ಲಿದ್ದಲ ಮೂಲೆ ನೋಡಿದ, ಮೆಟ್ಟಿಲು ನೋಡಿದ, ನಡುವಿನ ಬಟಾಬಯಲು ನೀರು ನೋಡಿದ. ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

“ಜೊಂಡು,” ಅಂದ. “ಅಯ್ಯೋ, ಆ ಜೊಂಡಿನ ದಿಬ್ಬ! ಅದು ಕೆಸರಲ್ಲ ಸೆಲೀನಾ, ಗೋಡೆ! ಆಳು ಹೇಳಿದ್ನಲ್ಲ, ಕೂರಿಸಿದ ಹಾಗಿವೆ ಅಂತ. ಮುದುಕ ಒಂದೊಂದೇ ಕಲ್ಲು ಕೂರಿಸಿ, ಯಾರಿಗೂ ಗೊತ್ತಾಗದ ಹಾಗೆ ಮೇಲೆ ಜೊಂಡು ನೆಟ್ಟಿದ್ದಾನೆ. ನಾನು ಶುಚಿ ಮಾಡ್ತೀನಿ ಅಂತ ಎತ್ತಿ ಎಸೆದೆ!”

ಎಲೈಜಾ ಬ್ಲ್ಯಾಕ್‌ಪೂಲಿಗೆ ಹೋಗದ ಗುಟ್ಟು ನನಗೆ ಆ ಕ್ಷಣವೇ ಹೊಳೆಯಿತು. ಊರು ಖಾಲಿಯಾದಾಗಲೇ ಅವನಿಗೆ ಗೋಡೆಯ ಕೆಲಸ!

ಓಲ್ಡಮ್‌ನವನು ಬರುವುದು ಮುಂದಿನ ಸೋಮವಾರ. ಕಲ್ಲುಗಳು ಆಗಲೇ ಯಾರದೋ ಕೊಟ್ಟಿಗೆಗೆ ಹೋಗಿದ್ದವು, ಗೋಡೆ ಕಟ್ಟಲು ಮತ್ತೆ ಕೊಳ ಬಸಿಯಬೇಕು, ಬಸಿದರೆ ಮಿಲ್ಲು ನಿಲ್ಲಬೇಕು. ಜೇಬೆಜ್ ಹಲಗೆ ಅಂದ, ತಗಡು ಅಂದ. ನಾನು ಒಲೆಯ ಮುಂದೆ ಒಣಗಲು ಹಾಕಿದ್ದ ಹಾಸಿಗೆ ವಸ್ತ್ರವನ್ನು ಮಡಚುತ್ತಿದ್ದೆ. ಅವನು ಅದನ್ನೇ ನೋಡುತ್ತಾ ನಿಂತ. ನಾನೂ ಅವನನ್ನು ನೋಡಿದೆ. ಇಬ್ಬರಿಗೂ ನಗು ಬಂತು. ಬಟ್ಟೆಯ ಊರಿನಲ್ಲಿ ಕೂತು ಕಲ್ಲು ಹುಡುಕುತ್ತಿದ್ದೆವಲ್ಲ!

ಸ್ಟಾನ್ಸ್‌ಫೀಲ್ಡ್ ಎಲ್ಲಾ ಕೇಳಿಸಿಕೊಂಡು, ನೇಯ್ಗೆ ಕೆಟ್ಟು ಮೂಲೆಗೆ ಬಿದ್ದಿದ್ದ ಬಟ್ಟೆಯ ಥಾನುಗಳನ್ನು ಕೊಟ್ಟರು. ಶನಿವಾರ ಮಧ್ಯಾಹ್ನ ಮಿಲ್ಲು ನಿಂತ ಮೇಲೆ ಹೆಂಗಸರು ಅಂಗಳದಲ್ಲಿ ಸಾಲಾಗಿ ಕೂತು ಥಾನಿಗೆ ಥಾನು ಹೊಲಿದೆವು. ಕ್ಲಾರಾ ಎಲ್ಲರಿಗಿಂತ ಮೊದಲು ಬಂದಿದ್ದಳು.

“ನಾನು ಹೊಲಿಯೋದು ನಿನ್ನ ಗಂಡನಿಗಲ್ಲ ಕಣೇ, ನನ್ನ ಮಗ್ಗಕ್ಕೆ.”

“ಯಾರಿಗಾದ್ರೂ ಹೊಲಿ. ಹೊಲಿಗೆ ಮಾತ್ರ ಹತ್ತಿರ ಹತ್ತಿರ ಹಾಕು.”

“ಇಂಜಿನ್ನಿಗೆ ಲಂಗ ಹೊಲಿಯೋ ಕಾಲ ಬಂತಲ್ಲಪ್ಪಾ!”

ಹೊಲಿದದ್ದಕ್ಕೆ ಗಂಡಸರು ಟಾರು ಬಳಿದರು. ಮೇಲಂಚಿಗೆ ಖಾಲಿ ಪೀಪಾಯಿಗಳನ್ನು ಕಟ್ಟಿ ತೇಲಿಸಿ, ಕೆಳಂಚಿಗೆ ಕಲ್ಲು ಕಟ್ಟಿ ಮುಳುಗಿಸಿದರು. ಗೋಡೆಯಿಂದ ಹೊರಟ ಆ ಕರಿಯ ಪರದೆ ಎಲೈಜಾನ ದಿಬ್ಬಕ್ಕಿಂತ ಎಷ್ಟೋ ಮುಂದಕ್ಕೆ ಹೋಗಿ ಆಚೆ ದಡದ ಹತ್ತಿರ ನಿಂತಿತು. ನೀರಿಗೆ ಇನ್ನು ಅಡ್ಡದಾರಿಯಿಲ್ಲ, ಊರೆಲ್ಲ ಸುತ್ತಿಕೊಂಡೇ ಬರಬೇಕು.

ಸೋಮವಾರ ಬೆಳಿಗ್ಗೆ ನಾನು ನನ್ನ ಮಗ್ಗಗಳ ನಡುವೆ ನಿಂತಿದ್ದೆ. ಇಂಜಿನ್ ಮನೆಯ ಮುಳ್ಳು ನನಗೆ ಕಾಣುವುದಿಲ್ಲ. ಕಾಲಲ್ಲಿ ಮರದಟ್ಟೆಯ ಜೋಡು, ಅದರ ಕೆಳಗೆ ನೆಲ. ಆ ನೆಲದ ನಡುಕದಿಂದಲೇ ನಾವು ಇಂಜಿನ್ನಿನ ನಾಡಿ ಹಿಡಿಯುವವರು. ದಿನಾ ಸೋಲುತ್ತಿದ್ದ ಹೊತ್ತು ಬಂತು. ನೆಲ ಸೋಲಲಿಲ್ಲ. ಲಾಳಿ ಎಡದಿಂದ ಬಲಕ್ಕೆ ಕಣ್ಣಿಗೆ ಸಿಗದಂತೆ ಹಾರುತ್ತಿತ್ತು. ತಲೆಯೆತ್ತಿ ನೋಡಿದರೆ ಎದುರು ಸಾಲಿನಿಂದ ಕ್ಲಾರಾಳ ದೊಡ್ಡ ತುಟಿ ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳುತ್ತಿತ್ತು: “ಎದ್ದಳು ಕಣೇ, ಲವೀನಿಯಾ!”

ತಿಂಡಿಯ ಹೊತ್ತಿಗೆ ಮೆಟ್ಟಿಲಲ್ಲಿ ಒಂದು ಮೀನೂ ಇರಲಿಲ್ಲ. ಎಲ್ಲಾ ಪರದೆಯಾಚೆ, ಹಳೇ ಮೂಲೆಯಲ್ಲಿ. ಹೆಂಗಸರು ರೊಟ್ಟಿ ಚೂರು ಹಿಡಿದುಕೊಂಡು ನನ್ನನ್ನೇ ಬೈದರು.

ಓಲ್ಡಮ್‌ನವನು ಬಂದವನು ಮುಳ್ಳನ್ನು ಬೆರಳಲ್ಲಿ ತಟ್ಟಿ ನೋಡಿದ, ಹಂಡೆಯ ಮೇಲೆ ಕೈಯಿಟ್ಟ. “ಸ್ಟಾನ್ಸ್‌ಫೀಲ್ಡ್ ಅವರೇ, ನನ್ನನ್ನ ಯಾಕೆ ಕರೆಸಿದ್ರಿ, ಮೀನು ತೋರಿಸೋಕಾ?” ಅಂದ. ಕುತೂಹಲದಿಂದ ಪರದೆ ನೋಡಲು ಹೋದ. ಅದು ಏನು, ಏಕೆ ಎಂದು ಜೇಬೆಜ್ ಪೂರ್ತಿ ಬಿಡಿಸಿ ಹೇಳಿದ. ಇಂಜಿನ್ನಿನವರು ಹಾಗೆ ಹೇಳುವುದಿಲ್ಲ. ಓಲ್ಡಮ್‌ನವನಿಗೆ ಅದೇ ದೊಡ್ಡ ಆಶ್ಚರ್ಯವಾಯಿತು. ಹೋಗುವಾಗ ತನ್ನ ಹಂಡೆಯ ಜಾಲರಿಯ ಒಂದು ಯುಕ್ತಿಯನ್ನು ಜೇಬೆಜ್‌ನ ಕಿವಿಯಲ್ಲಿ ಹೇಳಿ ಹೋದ. ನೀರು ದಪ್ಪ ಧಾರೆಯಾಗಿ ಬಿದ್ದರೆ ಹಬೆಗೆ ತಾಗುವುದು ಕಡಿಮೆಯಂತೆ, ಸಣ್ಣ ಹನಿಯಾಗಿ ಚದುರಬೇಕಂತೆ. ಅಲ್ಲಿಂದ ಮುಂದೆ ನನ್ನ ಮನೆಯ ಡಬ್ಬಿಗಳ ತಳಕ್ಕೆಲ್ಲ ತೂತು. ಯಾವ ತೂತಿನ ಹನಿ ಎಷ್ಟು ಸಣ್ಣ ಎಂದು ಕಿಟಕಿಯ ಹೂಗಿಡಗಳ ಮೇಲೆ ಸುರಿದು ನೋಡುತ್ತಿದ್ದ. ಎರಡು ಗಿಡ ಕೊಳೆತವು. ಚಳಿಗಾಲದ ಹೊತ್ತಿಗೆ ಹಂಡೆಗೆ ತಾಮ್ರದ ಹೊಸ ಜಾಲರಿ ಬಂತು, ಮುಳ್ಳು ಎಲೈಜಾನ ಕಾಲಕ್ಕಿಂತಲೂ ಮೇಲೆ ಹೋಯಿತು.

ಎಲೈಜಾ ಒಂದು ಭಾನುವಾರ ಕೋಲೂರಿಕೊಂಡು ಕೊಳದ ಬಳಿ ಬಂದ. ಪರದೆಯನ್ನು ಕೋಲಿನಿಂದ ಚುಚ್ಚಿದ.

“ಬಟ್ಟೆ. ಕೊಳೆಯುತ್ತೆ.”

“ಕೊಳೆತ್ರೆ ಹೊಲಿಯೋಕೆ ಇವರಿದ್ದಾರೆ. ಅಜ್ಜ, ಮನೆ ತನಕ ಬಂದು ಕೇಳಿದ್ನಲ್ಲ, ಯಾಕೆ ಹೇಳಲಿಲ್ಲ?”

“ನೀನು ಕಂಡೆನ್ಸರಿಗೆ ಏನು ಮಾಡ್ತಿದ್ರಿ ಅಂದೆ. ಕಂಡೆನ್ಸರಿಗೆ ನಾನು ಏನೂ ಮಾಡ್ತಿರಲಿಲ್ಲ. ಜೊಂಡಿನ ವಿಷಯ ನೀನೆಲ್ಲಿ ಕೇಳಿದೆ?”

“ಅದಕ್ಕೇ ನೀವು ಬ್ಲ್ಯಾಕ್‌ಪೂಲಿಗೆ ಹೋಗ್ತಿರಲಿಲ್ಲ ಅಲ್ವಾ ಅಜ್ಜ?” ಎಂದೆ ನಾನು.

ಮುದುಕ ಪರದೆಯಿಂದ ಕೋಲು ತೆಗೆದ. “ನನಗೆ ಮರಳು ಆಗಲ್ಲಮ್ಮ,” ಅಂದ. ಆದರೆ ಗಡ್ಡದೊಳಗೆ ನಗುತ್ತಿದ್ದ. ಪರದೆ ಇನ್ನೊಂದು ಗೇಣು ಆಳಕ್ಕೆ ಇಳಿಯಲಿ ಎಂದು, ಕೇಳದೆಯೇ, ಹೇಳಿ ಹೋದ.

ಸಾಯುವ ಹಿಂದಿನ ವರ್ಷದವರೆಗೂ ಇಂಜಿನ್ನು ಜೇಬೆಜ್‌ನ ಕೈಯಲ್ಲೇ ಇತ್ತು. ಕೇಳಿದವರಿಗೆಲ್ಲ ಪರದೆ ತೋರಿಸುತ್ತಿದ್ದ, ಕೇಳದವರನ್ನೂ ತೋಳು ಹಿಡಿದು ಕರೆದುಕೊಂಡು ಹೋಗುತ್ತಿದ್ದ. ಬಾಯ್ಲರಿನವನಿಗೂ ಎಲ್ಲಾ ಕಲಿಸಿದ್ದ. ಹಾಗಾಗಿ ಪರದೆ ಹಾಕಿದ ಮಾರನೆಯ ವರ್ಷದ ರಜೆಗೇ ಕೊಳವನ್ನು ಅವನಿಗೆ ಬಿಟ್ಟು ನಾವು ಬ್ಲ್ಯಾಕ್‌ಪೂಲಿನ ರೈಲು ಹತ್ತಿದೆವು. ಸಮುದ್ರ ನಮಗೆ ಹೊಸದಲ್ಲ, ಆದರೆ ಕೊಳದ ಗುಟ್ಟು ತಿಳಿದ ಮೇಲೆ ನೋಡಿದ್ದು ಅದೇ ಮೊದಲು. ಜೇಬೆಜ್ ಶೂ ಕಳಚಿ, ಪ್ಯಾಂಟು ಮಡಚಿ, ಅಲೆಯೊಳಗೆ ಇಳಿದು ಮೊಣಕೈವರೆಗೆ ಕೈ ಅದ್ದಿದ. ಹಾಗೆಯೇ ಬಗ್ಗಿ ನಿಂತ. ಆಮೇಲೆ ನನ್ನ ಕಡೆ ತಿರುಗಿ, ದಡದ ಜನವೆಲ್ಲ ನೋಡುವ ಹಾಗೆ ಕೂಗಿದ:

“ಸೆಲೀನಾ! ಎಷ್ಟು ತಣ್ಣಗಿದೆ ಬಂದು ನೋಡೇ! ಇಷ್ಟೊಂದು ತಣ್ಣೀರು ಇಟ್ಕೊಂಡು ಒಂದು ಇಂಜಿನ್ನೂ ಓಡಿಸ್ದೆ ಸುಮ್ಮನೆ ಕೂತಿದ್ದಾರಲ್ಲೇ!”